ಹರಳಿನೊಳಗಿನ ಬಾಳೆನಾರು

ಕುಶಲಾ ಟೀಚರಿಗೆ ಸಿಟ್ಟು ಬಂದಾಗಲೆಲ್ಲ ಮೊದಲು ಕಾಣೆಯಾಗುವುದು ಅವರ ಕನ್ನಡಕ. ಸಿಟ್ಟಿನಲ್ಲಿ ಅದನ್ನು ತೆಗೆದು ಎಲ್ಲೋ ಇಟ್ಟುಬಿಡುತ್ತಾರೆ, ಆಮೇಲೆ ಅದು ಸಿಗದ ಸಿಟ್ಟೂ ಸೇರಿಕೊಳ್ಳುತ್ತದೆ. ಆ ಶುಕ್ರವಾರ ಅದು ಅಕ್ಕಿ ಡಬ್ಬಿಯ ಮುಚ್ಚಳದ ಮೇಲಿತ್ತು. ಹುಡುಕಿ ಕೊಟ್ಟವರು ಪಕ್ಕದ ಮನೆಯ ವಿಲ್ಮಾ ಬಾಯಿ. ಸಿಟ್ಟು ಬರಿಸಿದ ಸುದ್ದಿ ತಂದವರೂ ಅವರೇ.

"ಇನ್ನೊಮ್ಮೆ ಹೇಳಿ," ಎಂದರು ಟೀಚರು, ಕನ್ನಡಕ ಹಾಕಿಕೊಳ್ಳುತ್ತ. ಕಣ್ಣು ಕಂಡರೆ ಕಿವಿಯೂ ಸರಿಯಾಗಿ ಕೇಳುತ್ತದೆ ಎಂಬಂತೆ.

"ಎಷ್ಟು ಸಲ ಹೇಳುವುದು ಟೀಚರೇ? ಶರಣಮ್ಮನಿಗೆ ಶಾಲೆಯಿಂದ ಫೋನ್ ಬಂತಂತೆ. ಸ್ಪರ್ಧೆಗೆ ಇಟ್ಟ ಮಗಳು ಸೋಮವ್ವನ ಹರಳಿನ ನಕ್ಷತ್ರ ಅವಳು ಮಾಡಿದ್ದಲ್ಲವಂತೆ, ಅಂಗಡಿಯಿಂದ ತಂದದ್ದಂತೆ. ಮೇಜಿನಿಂದ ತೆಗೆದು ಕೆಳಗೆ ಇಟ್ಟಿದ್ದಾರೆ. 'ಸುಳ್ಳು ಹೇಳಿದೆ, ತಪ್ಪಾಯಿತು' ಅಂತ ಬರೆದು ಕೊಟ್ಟರೆ ಮಾತ್ರ ಮಗುವನ್ನು ಕ್ಲಾಸಿಗೆ ಬಿಡುವುದಂತೆ. ಶರಣಮ್ಮ ಕೆಲಸ ಬಿಟ್ಟು ಓಡಿದಳು. ಹೋಗುವಾಗ ನನ್ನ ಗೇಟಿನ ಹತ್ತಿರ ನಿಂತು ಹೇಳಿದಳು. ಅಳುತ್ತಿದ್ದಳು ಪಾಪ."

"ಹೇಳಿದ್ದು ಯಾರು, ಅಂಗಡಿಯದ್ದು ಅಂತ?"

"ಜಡ್ಜ್ ಬಂದಿದ್ದಾರಂತಲ್ಲ, ಮಣಿಪಾಲದಿಂದ. ಕರುಣಾಕರ ಸರ್."

ಟೀಚರ ಕೈ ಮತ್ತೆ ಕನ್ನಡಕಕ್ಕೆ ಹೋಯಿತು. ವಿಲ್ಮಾ ಬಾಯಿ ಆ ಕೈಯನ್ನು ಹಿಡಿದು ಕೆಳಗಿಳಿಸಿದರು. "ಅದು ಮುಖದ ಮೇಲೇ ಇರಲಿ. ನೆವಿಲ್‌ಗೆ ಫೋನ್ ಮಾಡಿದ್ದೇನೆ, ರಿಕ್ಷಾ ಬರ್ತದೆ."

ಕರುಣಾಕರ! ಕಾರ್ಕಳದ ಕಾಲೇಜಿನಲ್ಲಿ ಟೀಚರು ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ್ದರು. ಅಲ್ಲಿ ಒಂದು ಕಾಲಕ್ಕೆ ಎರಡನೇ ಬೆಂಚಿನಲ್ಲಿ ಕೂತು ಪಿಪೆಟ್ ಕಚ್ಚುತ್ತಿದ್ದ ಹುಡುಗ. ಈಗ ಮಣಿಪಾಲದಲ್ಲಿ ಕೋಚಿಂಗ್ ಕ್ಲಾಸ್ ನಡೆಸುತ್ತಾನೆ, ಬಸ್ಸಿನ ಹಿಂಭಾಗದಲ್ಲಿ ಅವನ ಫೋಟೋ ಉಂಟು.

ಈ ಹರಳಿನ ಕತೆ ಶುರುವಾದದ್ದು ಡಿಸೆಂಬರಿನ ಮೊದಲ ವಾರ. ಶಾಲೆಯವರು ಆರನೇ ತರಗತಿಗೆ 'ಚಳಿಗಾಲದ ವಿಜ್ಞಾನ ಕರಕುಶಲ' ಎಂದು ಒಂದು ಸ್ಪರ್ಧೆ ಇಟ್ಟರು. ಪಟಿಕ, ಅಂದರೆ ಆಲಂ, ಕರಗಿಸಿದ ನೀರಿನಲ್ಲಿ ಪೊರಕೆ ಕಡ್ಡಿಯ ನಕ್ಷತ್ರ ಇಳಿಬಿಟ್ಟು ಅದರ ಮೇಲೆ ಹರಳು ಬೆಳೆಸಬೇಕು, ಅದೂ ಮನೆಯಲ್ಲೇ. ಎಲ್ಲಕ್ಕಿಂತ ಚೆನ್ನಾದ ನಕ್ಷತ್ರ ಇಪ್ಪತ್ತೆಂಟನೇ ತಾರೀಕಿಗೆ ಮಣಿಪಾಲದ ಮಕ್ಕಳ ಪ್ರದರ್ಶನಕ್ಕೆ ಹೋಗುತ್ತದೆ, ಅದನ್ನು ಬೆಳೆಸಿದ ಮಗುವೂ ಹೋಗುತ್ತದೆ. ಎಲ್ಲಿಂದಲೋ ಇಳಿಸಿಕೊಂಡ ಸೂಚನೆಯ ಹಾಳೆಯಲ್ಲಿ 'ಹೊರಗೆ ಹಿಮ ಬೀಳುತ್ತಿರುವಾಗ ಮಕ್ಕಳನ್ನು ಮನೆಯೊಳಗೆ ಖುಷಿಯಾಗಿಡಿ' ಎಂದಿತ್ತು. ಹೇಗೆ ಮಾಡುವುದೆಂದು ತೋರಿಸಲು ಕರೆದದ್ದು ಕುಶಲಾ ಟೀಚರನ್ನು. ಮೂರು ಫ್ಯಾನು ತಿರುಗುತ್ತಿದ್ದ ಕೋಣೆಯಲ್ಲಿ ಅವರು ಆ ಸಾಲನ್ನು ಓದಿದಾಗ ಮಕ್ಕಳೆಲ್ಲ ನಕ್ಕರು.

"ಹಿಮ ಇಲ್ಲದಿದ್ದರೆ ಬೇಡ," ಎಂದಿದ್ದರು ಟೀಚರು. "ಬಿಸಿನೀರು ಉಂಟಲ್ಲ. ಇನ್ನು ಕರಗುವುದೇ ಇಲ್ಲ ಎನ್ನುವವರೆಗೆ ಪಟಿಕ ಹಾಕಿ. ಹಿಡಿಸೂಡಿ ಕಡ್ಡಿಯಲ್ಲಿ ನಕ್ಷತ್ರ ಕಟ್ಟಿ ಅದರಲ್ಲಿ ಇಳಿಬಿಡಿ. ಮುಚ್ಚಿಡಿ. ಅಲ್ಲಾಡಿಸಬೇಡಿ. ಮೆಲ್ಲ ತಣಿಯಲಿ. ಎಷ್ಟು ಮೆಲ್ಲ ತಣಿಯುತ್ತದೋ ಹರಳು ಅಷ್ಟು ದೊಡ್ಡದು, ಅಷ್ಟು ತಿಳಿ."

ಅವರು ಹೇಳಿದ್ದು ಇಷ್ಟು. ಮರುದಿನ ತಂದೆ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಬಂದದ್ದು ಬೇರೆ: ದ್ರಾವಣವನ್ನು ಫ್ರಿಜ್ಜಿನಲ್ಲಿ ಇಡಿ, ದಿನಕ್ಕೊಂದು ಫೋಟೋ ಹಾಕಿ.

ಸೋಮವ್ವನ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಶರಣಮ್ಮನ ಫೋನಿನಲ್ಲಿ ವಾಟ್ಸಾಪ್ ಇರಲಿಲ್ಲ. ರಾಯಚೂರು ಕಡೆಯಿಂದ ಬಂದ ಆ ಕುಟುಂಬ ಶಂಕರಪುರದಲ್ಲಿ ಅರ್ಧ ಎದ್ದ ಒಂದು ದೊಡ್ಡ ಮನೆಯ ಹಿಂದೆ ಶೀಟು ಹಾಕಿಕೊಂಡಿತ್ತು. ಅಪ್ಪ ಹುಸೇನಪ್ಪ ಕಬ್ಬಿಣ ಕಟ್ಟುತ್ತಿದ್ದ, ಅವ್ವ ಶರಣಮ್ಮ ಜಲ್ಲಿ ಹೊರುತ್ತಿದ್ದಳು. ಅವರಿಬ್ಬರೂ ಬೇಗ ಕೆಲಸಕ್ಕೆ ಇಳಿಯುವುದರಿಂದ ಶಾಲೆಯ ಹೊತ್ತಾಗುವವರೆಗೆ ಹುಡುಗಿ ವಿಲ್ಮಾ ಬಾಯಿಯ ಜಗಲಿಯಲ್ಲಿ ಕೂರುತ್ತಿದ್ದಳು. ಅಲ್ಲಿ ಹೆಂಗಸರು ಮಲ್ಲಿಗೆ ಕಟ್ಟುವುದನ್ನು ನೋಡಿ ನೋಡಿ ತಾನೂ ಕಲಿತಳು. ಕಲಿತದ್ದೇನೋ ಹೌದು, ಆದರೆ ಎಡಗೈಯಲ್ಲಿ. ಊರಿಗೆಲ್ಲ ಬಾಳೆನಾರು ಬಲಕ್ಕೆ ಸುತ್ತಿದರೆ ಇವಳದ್ದು ಎಡಕ್ಕೆ.

"ಎಂತ ಎಡಚಿ ಮಾರಾಯ್ತಿ ನೀನು! ನಿನ್ನ ತುಂಡನ್ನು ನನ್ನದಕ್ಕೆ ಸೇರಿಸಿದರೆ ಬಿಚ್ಚಿಯೇ ಹೋಗ್ತದೆ," ಎಂದು ವಿಲ್ಮಾ ಬಾಯಿ ದಿನಾ ಬೈಯುತ್ತಿದ್ದರು. ಬೈದು, ಅವಳು ಕಟ್ಟಿದ ತುಂಡನ್ನು ಮಾರಲು ಸುತ್ತಿಟ್ಟ ಹೂವಿನ ಚೆಂಡಿಗೆ ಸೇರಿಸದೆ ಅವಳ ಜಡೆಗೇ ಮುಡಿಸಿ ಶಾಲೆಗೆ ಕಳುಹಿಸುತ್ತಿದ್ದರು.

ಸೋಮವ್ವನ ಮೊದಲ ನಕ್ಷತ್ರ ನಾಲ್ಕನೇ ದಿನಕ್ಕೆ ಹೋಯಿತು. ಕಟ್ಟಡಕ್ಕೆಂದು ತೋಡಿಸಿದ ಹೊಸ ಬಾವಿಯ ನೀರು ಇನ್ನೂ ಕೆಂಪಗಿತ್ತು. ಸಂಜೆ ಕೆಲಸದಿಂದ ಬಂದ ಶರಣಮ್ಮ ಅಗಲ ಬಾಯಿಯ ಬಾಟಲಿಯಲ್ಲಿ ನೇತಾಡುತ್ತಿದ್ದ ಪಟಿಕ ಕಂಡು ಸಂತೋಷಪಟ್ಟು, ಅದನ್ನೆತ್ತಿ ಕುಡಿಯುವ ನೀರಿನ ಕೊಡದಲ್ಲಿ ಗರಗರನೆ ತಿರುಗಿಸಿಬಿಟ್ಟಳು.

"ಊರಾಗ ಕಾಲುವಿ ನೀರು ಹಿಂಗ ತಿಳಿ ಮಾಡ್ತಿದ್ವಿ ಅಕ್ಕೋರ," ಎಂದು ಮಾರನೇ ದಿನ ಟೀಚರ ಮುಂದೆ ತಲೆತಗ್ಗಿಸಿ ನಿಂತಿದ್ದಳು. "ಮಗಳು ನಮಗಂತ ತಂದಿಟ್ಟಾಳ ಅನ್ಕೊಂಡೆ. ನೀರೇನೋ ಚಲೋ ತಿಳಿ ಆತು. ಆಕಿ ಮಾತ್ರ ನನ್ನ ಕೂಡ ಮಾತು ಬಿಟ್ಟಾಳ."

ಟೀಚರು ನಗುತ್ತ ಮನೆಯಲ್ಲಿ ಉಳಿದಿದ್ದ ಪಟಿಕವನ್ನು ಪೊಟ್ಟಣ ಕಟ್ಟಿ ಕೊಟ್ಟಿದ್ದರು. ಉಳಿದಿದ್ದದ್ದು ಐದೇ ದಿನ. ಐದನೇ ದಿನ ಬೆಳಿಗ್ಗೆ ಸೋಮವ್ವ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಅವರ ಅಂಗಳಕ್ಕೆ ಬಂದಳು. ಬಟ್ಟೆ ಸರಿಸಿದರೆ ಅಂಗೈಯಗಲದ ನಕ್ಷತ್ರ. ಪ್ರತಿ ಹರಳೂ ಮಲ್ಲಿಗೆ ಮೊಗ್ಗಿನಷ್ಟಿತ್ತು. ಒಂದರಲ್ಲೂ ಮಬ್ಬಿಲ್ಲ, ಅಂಚು ಒಂದೊಂದೂ ಕಡೆದಿಟ್ಟಂತೆ.

ಆಗ ಟೀಚರು ಏನೋ ಕೇಳಿದ್ದರು. ಏನು ಕೇಳಿದ್ದರೆಂದು ಈಗ, ರಿಕ್ಷಾದಲ್ಲಿ ಕೂತು ಹಲ್ಲು ಕಚ್ಚುತ್ತಿರುವಾಗ, ಅವರಿಗೆ ನೆನಪಿರಲಿಲ್ಲ.

ನೆವಿಲ್ ಕಾಪುವಿಗೆ ಒಪ್ಪಿಕೊಂಡಿದ್ದ ಬಾಡಿಗೆ ಬಿಟ್ಟು ಬಂದಿದ್ದ. ಅದನ್ನು ಅವನು ಹೇಳಲಿಲ್ಲ. ಫೋನಿನಲ್ಲಿ ಯಾರಿಗೋ 'ಸಾರಿ ಮಾರಾಯ, ಬೇರೆ ರಿಕ್ಷಾ ನೋಡು' ಎಂದದ್ದು ಕೇಳಿಸಿತು. ಟೀಚರ ಮುಖ ನೋಡಿದವನೇ ಕ್ರಿಸ್ಮಸ್ ಹಾಡನ್ನೂ ನಿಲ್ಲಿಸಿದ.

"ಟೀಚರೇ," ಎಂದರು ವಿಲ್ಮಾ ಬಾಯಿ, "ಅಲ್ಲಿ ಹೋಗಿ ಮೆಲ್ಲ ಮಾತಾಡಿ. ಬಿ.ಪಿ. ಉಂಟು ನಿಮಗೆ."

"ಬಿ.ಪಿ. ಅವನಿಗೆ ಬರುವ ಹಾಗೆ ಮಾಡ್ತೇನೆ."

ಶಾಲೆಯ ಸಭಾಂಗಣದಲ್ಲಿ ಉದ್ದದ ಮೇಜುಗಳ ಮೇಲೆ ಮೂವತ್ತು ಚಿಲ್ಲರೆ ನಕ್ಷತ್ರಗಳಿದ್ದವು. ಹೆಚ್ಚಿನವು ಸಕ್ಕರೆ ಉದುರಿಸಿದ ಹಾಗೆ ಬಿಳಿಬಿಳಿ, ಪುಡಿಪುಡಿ. ನಡುವಿನ ಮೇಜಿನ ಮೇಲೆ ಕೆಂಪು ರಿಬ್ಬನ್ ಕಟ್ಟಿದ ಒಂದು ನಕ್ಷತ್ರ, ಅದರ ಪಕ್ಕ ಅದನ್ನು ಬೆಳೆಸಿದ ಅಕ್ಷಿತಾ, ಅವಳ ಪಕ್ಕ ಫೋನ್ ಹಿಡಿದ ತಾಯಿ ವಿಜೇತಾ. ಬಾಗಿಲ ಪಕ್ಕ, ಗೋಡೆಯ ಬದಿಯಲ್ಲಿ ಸೋಮವ್ವ ನಿಂತಿದ್ದಳು. ಅವಳ ಕಾಲ ಬಳಿ, ನೆಲದ ಮೇಲೆ, ಆ ತಟ್ಟೆ.

ನೆಲದ ಮೇಲೆ. ಟೀಚರು ಮೊದಲು ಕಂಡದ್ದು ಅದನ್ನೇ.

ಶರಣಮ್ಮ ಮಗಳ ಪಕ್ಕದಲ್ಲಿದ್ದಳು. ಪಾದಕ್ಕೆ ಹತ್ತಿದ ಸಿಮೆಂಟು ಟೈಲಿಗೆ ತಾಗದಿರಲೆಂದು ಬಾಗಿಲ ಕಾಲೊರೆಸಿನ ಮೇಲೇ ನಿಂತಿದ್ದವಳು, ಟೀಚರು ಬಂದದ್ದು ಕಂಡು ಸೆರಗಿನಿಂದ ಒಂದು ಕುರ್ಚಿ ಒರೆಸಿ ಮುಂದೆ ಸರಿಸಿದಳು. ಟೀಚರು ಕೂರಲಿಲ್ಲ.

"ಕರುಣಾಕರ, ಆ ತಟ್ಟೆಯನ್ನು ಎತ್ತಿ ಮೇಲಿಡು."

"ಅರೆ, ಮೇಡಂ! ನೀವು ಬರ್ತೀರಿ ಅಂತ ಗೊತ್ತೇ ಇರಲಿಲ್ಲ," ಎಂದು ಕರುಣಾಕರ ಎದ್ದು ಕೈಮುಗಿದ. ಕೂದಲು ಉದುರಿತ್ತು, ನಗು ಹಾಗೆಯೇ ಇತ್ತು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಸಣ್ಣ ವಿಷಯ ಇದು."

"ಸಣ್ಣ ವಿಷಯವಾದರೆ ಮಗುವನ್ನು ಗೋಡೆಗೆ ನಿಲ್ಲಿಸಿದ್ದು ಎಂತಕ್ಕೆ?"

"ಮೇಡಂ, ಫೇರ್ ಆಗಿ ನೋಡಬೇಕಲ್ಲ. ಉಳಿದ ಮಕ್ಕಳೆಲ್ಲ ಹತ್ತು ದಿನದ ಫೋಟೋ ಹಾಕಿದ್ದಾರೆ. ಇವಳದ್ದು ಒಂದೂ ಇಲ್ಲ. ಕೇಳಿದರೆ ಐದೇ ದಿನದಲ್ಲಿ ಮಾಡಿದೆ ಅಂತಾಳೆ. ಹತ್ತು ದಿನದಲ್ಲಿ ಬಾರದ್ದು ಐದು ದಿನದಲ್ಲಿ ಹೇಗೆ? ಫ್ರಿಜ್ ಉಂಟಾ ಕೇಳಿದೆ. ಇಲ್ಲ ಅಂದಳು. ಫ್ರಿಜ್ ಇಲ್ಲದ ಶೆಡ್ಡಿನಲ್ಲಿ ಇಷ್ಟು ದೊಡ್ಡ ಹರಳು ಅಂದರೆ ಯಾರು ನಂಬುವುದು, ನೀವೇ ಹೇಳಿ."

"ಫ್ರಿಜ್ ಇಲ್ಲದ್ದಕ್ಕೇ ಬಂದದ್ದು!" ಟೀಚರ ಧ್ವನಿ ಸಭಾಂಗಣದ ಆ ತುದಿಗೆ ಹೋಗಿ ತಾಗಿತು. ಹೊರಗೆ ಆಡುತ್ತಿದ್ದ ಮಕ್ಕಳು ಕಿಟಕಿಗೆ ಬಂದರು. "ಬಿಸಿ ದ್ರಾವಣವನ್ನು ಗಕ್ಕನೆ ತಣಿಸಿದರೆ ಎಂತಾಗ್ತದೆ? ಹೇಳು. ಎರಡನೇ ಬೆಂಚು, ಹೇಳು!"

ಕರುಣಾಕರ ಅತ್ತಿತ್ತ ನೋಡಿದ. "ಸಣ್ಣ ಸಣ್ಣ ಹರಳು ಬರ್ತದೆ ಮೇಡಂ."

"ಮೆಲ್ಲ ತಣಿಸಿದರೆ?"

"ದೊಡ್ಡದು."

"ಮತ್ತೆ? ಅಷ್ಟು ಗೊತ್ತಿದ್ದೂ ಈ ಕೆಲಸವಾ? ಸೋಮವ್ವ, ನೀನು ಬಾಟಲಿಯನ್ನು ಎಲ್ಲಿ ಇಟ್ಟದ್ದು, ಹೇಳು ಇವರಿಗೆ."

ಹುಡುಗಿ ನೆಲ ನೋಡುತ್ತಲೇ ಹೇಳಿದಳು. "ಸಿಮೆಂಟಿನ ಬಕೆಟ್ಟಿನಲ್ಲಿ. ಸುತ್ತ ಮರದ ಹುಡಿ ತುಂಬಿಸಿ. ಅಪ್ಪ ಕಿಟಕಿ ಕೆಲಸದವರ ಹತ್ತಿರ ಕೇಳಿ ತಂದುಕೊಟ್ಟ. ಮೇಲೆ ಗೋಣಿ ಹೊದಿಸಿದ್ದೆ. ಮರುದಿನ ಮಧ್ಯಾಹ್ನಕ್ಕೂ ಬಿಸಿ ಇತ್ತು."

"ಕೇಳಿದೆಯಾ?"

"ಥಿಯರಿ ಸರಿ ಮೇಡಂ," ಎಂದ ಕರುಣಾಕರ. ಈಗ ನಗು ಇರಲಿಲ್ಲ. "ಆದರೆ ಪ್ರೂಫ್ ಬೇಕಲ್ಲ. ಯಾರಾದರೂ ದೊಡ್ಡವರು ಮಾಡಿ ಕೊಟ್ಟಿರಬಹುದು. ತಪ್ಪು ತಿಳಿಯಬೇಡಿ, ನೀವೇ ಮಾಡಿ ಕೊಟ್ಟಿರಬಹುದು ಅಂತಲೂ ಇಲ್ಲಿ ಕೆಲವರು ಹೇಳಿದರು."

ವಿಜೇತಾ ಫೋನಿನೊಳಗೆ ಮುಖ ಹಾಕಿದಳು.

ಶರಣಮ್ಮನಿಗೆ ತಡೆಯಲಾಗಲಿಲ್ಲ. "ಬರದು ಕೊಡು ಮಗಳ, ಮುಗೀಲಿ," ಎಂದು ಮಗಳ ಹೆಗಲು ಹಿಡಿದಳು. "ನಮಗ್ಯಾಕ ದೊಡ್ಡೋರ ಜಗಳ? ಸಾಲಿ ಬಿಡಿಸ್ಯಾರು."

"ಶರಣಮ್ಮ, ನೀನು ಸುಮ್ಮನಿರು!" ಎಂದರು ಟೀಚರು. ಹೇಳಿದ ಮೇಲೆ ಆ ಹೆಂಗಸಿನ ಕಣ್ಣು ಕಂಡು ತಮ್ಮ ಮೇಲೇ ಸಿಟ್ಟು ಬಂತು. ಮತ್ತೆ ಕರುಣಾಕರನ ಕಡೆ ತಿರುಗಿದರು. "ಒಂದು ಮಗುವಿನ ಹತ್ತಿರ, ಇದು ನಿನ್ನದಲ್ಲ, ಯಾರು ಮಾಡಿ ಕೊಟ್ಟದ್ದು ಅಂತ ಕೇಳಲು ನಿನಗೆ ನಾಲಗೆ ಹೇಗೆ ಬಂತು?"

"ಟೀಚರ್, ನೀವೂ ಕೇಳಿದ್ರಿ."

ಹೇಳಿದ್ದು ಸೋಮವ್ವ. ಗಟ್ಟಿಯಾಗಿ ಹೇಳಿರಲಿಲ್ಲ. ಆದರೆ ಕಿಟಕಿಯವರೆಗೂ ಕೇಳಿಸಿತು.

"ನಿನ್ನೆ ಬೆಳಿಗ್ಗೆ ನಿಮ್ಮ ಅಂಗಳದಲ್ಲಿ. 'ಚಂದ ಉಂಟು ಮಗಾ, ಯಾರು ಮಾಡಿ ಕೊಟ್ಟದ್ದು?' ಅಂತ ಕೇಳಿದ್ರಿ. ನಾನೇ ಅಂದೆ. ನೀವು 'ಹೌದಾ?' ಅಂದ್ರಿ."

ಹೌದು. ಕೇಳಿದ್ದರು. ಪ್ರೀತಿಯಿಂದಲೇ ಕೇಳಿದ್ದರು, ಕೆನ್ನೆ ಸವರಿಯೇ ಕೇಳಿದ್ದರು. ಆಗ ಹುಡುಗಿ ಒಂದು ಕ್ಷಣ ಅವರನ್ನೇ ನೋಡಿ ಬಟ್ಟೆಯನ್ನು ಮತ್ತೆ ಮುಚ್ಚಿದ್ದಳು. ಟೀಚರು ಇಷ್ಟು ಹೊತ್ತು ನಿಂತಿದ್ದವರು ಶರಣಮ್ಮ ಒರೆಸಿಟ್ಟ ಕುರ್ಚಿಯಲ್ಲಿ ಕೂತರು. ಸಿಟ್ಟು ಇಳಿದಿರಲಿಲ್ಲ. ಅದಕ್ಕೆ ಈಗ ನಿಲ್ಲಲು ಎರಡು ಜಾಗವಾಗಿತ್ತು, ಅಷ್ಟೇ.

ಸೋಮವ್ವ ಯಾರ ಮುಖವನ್ನೂ ನೋಡಲಿಲ್ಲ. ಬಗ್ಗಿ ತಟ್ಟೆ ಎತ್ತಿಕೊಂಡಳು. "ಬಿಸಿನೀರು ಬೇಕು," ಎಂದಳು.

"ಎಂತಕ್ಕೆ?" ಎಂದ ಕರುಣಾಕರ.

"ಪ್ರೂಫ್ ಬೇಕಂತಲ್ಲ."

ಬಿಸಿಯೂಟದ ಅಡುಗೆಯವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದರು. ಯಾರ ಅಪ್ಪಣೆಗೂ ಕಾಯದೆ ಒಳಗೆ ಹೋಗಿ, ತಮ್ಮ ಚಹಾದ ಪಾತ್ರೆ ತೊಳೆದು, ಕುದಿಯುವ ನೀರು ಅರ್ಧ ತುಂಬಿಸಿ ತಂದು ಮೇಜಿನ ಮೇಲಿಟ್ಟರು. ಪಾತ್ರೆಯ ಕೆಳಗೆ ಒಂದು ಮಡಚಿದ ಬಟ್ಟೆಯನ್ನೂ ಪಕ್ಕದಲ್ಲಿ ಒಂದು ಚಮಚವನ್ನೂ ಇಟ್ಟರು.

ಏನಾಗಲಿದೆ ಎಂದು ಮೊದಲು ತಿಳಿದದ್ದು ಟೀಚರಿಗೆ. "ಬೇಡ ಸೋಮವ್ವ," ಎಂದು ಎದ್ದರು. "ನೀನು ಯಾರಿಗೂ ಎಂತದ್ದೂ ತೋರಿಸಬೇಕಾಗಿಲ್ಲ. ಬೇಡ!"

ಹುಡುಗಿ ನಕ್ಷತ್ರವನ್ನು ನೀರಿಗೆ ಇಳಿಸಿದಳು.

ಹರಳುಗಳು ಮೊದಲು ಮಿನುಗು ಕಳೆದುಕೊಂಡವು. ಆಮೇಲೆ ಅಂಚುಗಳು ದುಂಡಗಾದವು. ಚೂರು ಚೂರಾಗಿ ಕಳಚಿ, ತಳಕ್ಕೆ ಮುಟ್ಟುವ ಮೊದಲೇ ಇಲ್ಲವಾಗುತ್ತಿದ್ದವು. ಸೋಮವ್ವ ಚಮಚದಲ್ಲಿ ಮೆಲ್ಲ ತಿರುಗಿಸುತ್ತಿದ್ದಳು. ಶರಣಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ತಾನು ಕೊಡದಲ್ಲಿ ತಿರುಗಿಸಿದ್ದು ಅವಳಿಗೆ ನೆನಪಾಗಿರಬೇಕು. ಕಿಟಕಿಯ ಮಕ್ಕಳು ಸರಳುಗಳಿಗೆ ಮುಖ ಒತ್ತಿದರು. ಕೆಂಪು ರಿಬ್ಬನ್ನಿನ ಅಕ್ಷಿತಾ "ಅಯ್ಯೋ, ಸಾಕು, ತೆಗಿ, ಇನ್ನೂ ಸ್ವಲ್ಪ ಉಂಟು, ತೆಗಿ," ಎಂದು ಅಳುವ ಹಾಗಾದಳು.

ಕೊನೆಗೆ ಚಮಚದ ತುದಿಯಲ್ಲಿ ಮೇಲೆ ಬಂದದ್ದು ಹಿಡಿಸೂಡಿ ಕಡ್ಡಿಯ ಒಂದು ಬಡಕಲು ನಕ್ಷತ್ರ. ಪ್ರತಿ ಕಡ್ಡಿಗೂ ತುದಿಯಿಂದ ನಡುವಿನವರೆಗೆ ಬಾಳೆನಾರು ಸುತ್ತಿತ್ತು. ಹೂವಿಲ್ಲ ಎಂಬುದೊಂದು ಬಿಟ್ಟರೆ, ಕಟ್ಟಿದ ಮಲ್ಲಿಗೆಯ ಹಾಗೆಯೇ. ಹರಳು ಹಿಡಿದು ಕೂರಲಿ ಎಂದು ಹುಡುಗಿ ಅಂಗುಲಕ್ಕೆ ಆರೇಳು ಗಂಟು ಹಾಕಿದ್ದಳು.

ವಿಲ್ಮಾ ಬಾಯಿ ಎಲ್ಲರನ್ನೂ ಸರಿಸಿ ಮುಂದೆ ಬಂದರು. "ಇಲ್ಲಿ ಕೊಡಿ ನೋಡುವಾ." ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಸರ್, ಇಲ್ಲಿ ಬನ್ನಿ. ನಾರು ನನ್ನ ತೋಟದ್ದು. ಸುತ್ತು ನೋಡಿ, ಎಡಕ್ಕೆ ಹೋಗಿದೆ. ಶಂಕರಪುರದಲ್ಲಿ ನಲವತ್ತು ವರ್ಷದಿಂದ ಹೂ ಕಟ್ತಿದ್ದೇನೆ. ನಾರನ್ನು ಎಡಕ್ಕೆ ಸುತ್ತುವುದು ನಾನು ಕಂಡವರಲ್ಲಿ ಇವಳು ಒಬ್ಬಳೇ. ಟೀಚರಿಗೆ ಹೂ ಕಟ್ಟಲು ಬರುವುದೇ ಇಲ್ಲ, ಅವರು ದೇವರಿಗೆ ಬಿಡಿ ಹೂ ಇಡುವವರು. ಇನ್ನು ನಿಮ್ಮ ಅಂಗಡಿಯವರು ಬಾಳೆನಾರಿನಲ್ಲಿ ಕಟ್ಟಿ, ಅದೂ ಎಡಗೈಯಲ್ಲಿ ಕಟ್ಟಿ ಮಾರ್ತಾರಾ?"

ಅವರು ಸೊಂಟದ ಚೀಲದಿಂದ ಒಂದು ಎಳೆ ನಾರು ತೆಗೆದು ಸೋಮವ್ವನ ಮುಂದೆ ಇಟ್ಟರು. ಬೆಳಿಗ್ಗೆ ಉಳಿದದ್ದು. ಹುಡುಗಿ ಮೇಜಿನ ಮೇಲಿದ್ದ ಪೆನ್ನಿಗೆ, ಎಡಗೈಯಲ್ಲಿ, ಪಟಪಟನೆ ನಾಲ್ಕು ಸುತ್ತು ಸುತ್ತಿ ತಳ್ಳಿದಳು. ಕರುಣಾಕರ ಎರಡನ್ನೂ ಹತ್ತಿರ ಹಿಡಿದು ನೋಡಿದ. ನೋಡುತ್ತಲೇ ಇದ್ದ.

"ಸರಿ," ಎಂದ ಕೊನೆಗೆ. "ಒಪ್ಪಿದೆ. ಇವಳೇ ಮಾಡಿದ್ದು." ಪೆನ್ನನ್ನೂ ಕಡ್ಡಿಯ ನಕ್ಷತ್ರವನ್ನೂ ಮೇಜಿನ ಮೇಲಿಟ್ಟ. "ಆದರೆ ಈಗ ನಕ್ಷತ್ರವೇ ಇಲ್ಲವಲ್ಲ ಮೇಡಂ. ಮಣಿಪಾಲಕ್ಕೆ ಕಳಿಸಲಿಕ್ಕೆ ಎಂತ ಉಂಟು?"

ಟೀಚರು ಅವನ ಕಡೆ ಒಂದು ಹೆಜ್ಜೆ ಇಟ್ಟರು. ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಅಡುಗೆಯವರು ಪಾತ್ರೆ ಎತ್ತಿಕೊಂಡು ಹೊರಗಿನ ತೆಂಗಿನ ಬುಡದ ಕಡೆ ಹೊರಟಿದ್ದರು.

"ಚೆಲ್ಲಬೇಡಿ!" ಎಂದು ಸೋಮವ್ವ ಕೂಗಿದಳು. ಆ ದಿನ ಅವಳು ಧ್ವನಿ ಎತ್ತಿದ್ದು ಅದೊಂದೇ ಸಲ. "ಎಲ್ಲ ಅದರಲ್ಲೇ ಉಂಟು. ಇವತ್ತು ಹತ್ತೊಂಬತ್ತು, ಪ್ರದರ್ಶನ ಇಪ್ಪತ್ತೆಂಟಕ್ಕೆ. ನನಗೆ ಐದು ದಿನ ಸಾಕು."

ಅಕ್ಷಿತಾ ಮೊದಲು ಓಡಿದಳು. ತನ್ನ ಊಟದ ಡಬ್ಬಿಯ ಮುಚ್ಚಳ ತಂದು ಪಾತ್ರೆಯ ಮೇಲಿಟ್ಟಳು. ಮುಚ್ಚಳ ಚಿಕ್ಕದಾಯಿತು. ಆಮೇಲೆ ಡ್ರಾಯಿಂಗ್ ಹಾಳೆ ತಂದಳು. ಅವಳ ತಾಯಿ ವಿಜೇತಾ ಹತ್ತಿರ ಬಂದು, "ದಿನಾ ಸಂಜೆ ನಾನು ಬಂದು ಫೋಟೋ ತೆಗೆದು ಗುಂಪಿಗೆ ಹಾಕ್ತೇನೆ ಆಯ್ತಾ," ಎಂದಳು ಮೆತ್ತಗೆ.

"ಫೋಟೋ ಬೇಡ," ಎಂದಳು ಸೋಮವ್ವ.

"ಬೇಡ ಅಂದರೆ ಬೇಡ," ಎಂದರು ಟೀಚರು. ಅವರ ಕಣ್ಣು ಮೇಜಿನ ಮೇಲಿದ್ದ ಒಂದು ಬಿಳಿ ಹಾಳೆಯ ಮೇಲಿತ್ತು. ಮೇಲ್ಗಡೆ ಯಾರೋ ಆಗಲೇ ಬರೆದಿಟ್ಟಿದ್ದರು: 'ತಪ್ಪೊಪ್ಪಿಗೆ ಪತ್ರ'. ಕೆಳಗೆ ಖಾಲಿ. ಮಗುವಿಗಾಗಿ ಬಿಟ್ಟ ಜಾಗ.

ಅವರು ಸೋಮವ್ವ ನಾರು ಸುತ್ತಿದ್ದ ಪೆನ್ನನ್ನೇ ಎತ್ತಿಕೊಂಡರು. ನಾರು ಬಿಚ್ಚಲಿಲ್ಲ. 'ಯಾರು ಮಾಡಿ ಕೊಟ್ಟದ್ದು ಎಂದು ನಾನೂ ಕೇಳಿದೆ. ಕೇಳಬಾರದಿತ್ತು. ತಪ್ಪಾಯಿತು ಸೋಮವ್ವ' ಎಂದು ಬರೆದು ಕೆಳಗೆ 'ಕುಶಲಾ' ಎಂದು ಸಹಿ ಹಾಕಿದರು. ಹಾಳೆಯನ್ನು ಕರುಣಾಕರನ ಮುಂದೆ ತಳ್ಳಿದರು.

"ಈಗ ನೀನು."

"ಮೇಡಂ, ಇದೆಲ್ಲ ಎಂತಕ್ಕೆ? ಬಾಯಲ್ಲಿ ಹೇಳಿದೆನಲ್ಲ."

"ಅವಳಿಂದ ಬಾಯಲ್ಲಿ ಕೇಳಿದೆಯಾ? ಬರೆದು ಕೊಡು ಅಂದವನು ನೀನು. ಬರೆ." ಅವರು ಕುರ್ಚಿ ಎಳೆದು ಅವನ ಎದುರು ಕೂತರು. "ಅವಸರ ಇಲ್ಲ. ನೆವಿಲ್ ಕಾಯ್ತಾನೆ. ನಾನೂ ಕಾಯ್ತೇನೆ."

ಕಿಟಕಿಯಲ್ಲಿ ಇಪ್ಪತ್ತು ತಲೆಗಳಿದ್ದವು. ಕರುಣಾಕರ ಕಿವಿಯವರೆಗೆ ಕೆಂಪಾಗಿ, ನಾರು ಸುತ್ತಿದ ಪೆನ್ನನ್ನು ಬೆರಳುಗಳ ನಡುವೆ ಹೇಗೆ ಹಿಡಿಯುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಒದ್ದಾಡಿದ. ಆಮೇಲೆ ಬರೆದ. ಎರಡೇ ಸಾಲು, ಅಕ್ಷರ ವಕ್ರ. ಟೀಚರು ಅದನ್ನು ಓದಿ, ಮಡಚಿ, ಶರಣಮ್ಮನ ಕೈಗೆ ಕೊಟ್ಟರು. ಶರಣಮ್ಮನಿಗೆ ಓದಲು ಬರುತ್ತಿರಲಿಲ್ಲ. ಅದನ್ನು ರವಿಕೆಯೊಳಗೆ ಇಟ್ಟುಕೊಂಡಳು, ಒದ್ದೆಯಾಗದಂತೆ ಮೊದಲು ಒಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.

ಶುಕ್ರವಾರದ ಕೊನೆಯ ಪೀರಿಯಡ್ ಆಟಕ್ಕಿತ್ತು. ಕ್ಲಾಸ್ ಟೀಚರು ಬಂದು, "ಇವತ್ತು ಬೇಗ ಹೋಗು ಮಗಾ, ನೀರು ತಣಿಯುವ ಮೊದಲು," ಎಂದು ಸೋಮವ್ವನ ಚೀಲವನ್ನು ತಾವೇ ರಿಕ್ಷಾದವರೆಗೆ ಹೊತ್ತು ತಂದರು.

ಹಿಂದಿನ ಸೀಟಿನಲ್ಲಿ ಮೂವರು ಹೆಂಗಸರು, ನಡುವೆ ಹುಡುಗಿ, ಅವಳ ಮಡಿಲಲ್ಲಿ ಗೋಣಿ ಸುತ್ತಿದ ಪಾತ್ರೆ. ನೆವಿಲ್ ಯಾರೂ ಹೇಳದೆಯೇ ಗುಂಡಿಗಳನ್ನು ಬಳಸಿ ಬಳಸಿ ಎತ್ತಿನ ಗಾಡಿಯ ಹಾಗೆ ಹೋಗುತ್ತಿದ್ದ. ಹಿಂದಿನ ಬಸ್ಸು ಹಾರ್ನ್ ಬಾರಿಸಿ ಬಾರಿಸಿ ದಾಟಿಕೊಂಡು ಹೋಯಿತು. ಅದರ ಹಿಂಭಾಗದಲ್ಲಿ ಕರುಣಾಕರ ನಗುತ್ತಿದ್ದ.

"ಸೋಮವ್ವ," ಎಂದರು ಟೀಚರು. "ನನ್ನ ಮೇಲೆ ಸಿಟ್ಟು ಉಂಟಾ?"

ಹುಡುಗಿ ಪಾತ್ರೆಯಿಂದ ಕಣ್ಣು ತೆಗೆಯಲಿಲ್ಲ. "ಉಂಟು," ಎಂದಳು.

ಟೀಚರು ತಲೆಯಾಡಿಸಿದರು. ಇರಲಿ ಎಂದುಕೊಂಡರು.

ಶಿರ್ವದ ರಸ್ತೆ ಬಿಟ್ಟು ತಿರುವಿಗೆ ಬಂದಾಗ ರಿಕ್ಷಾ ಸ್ವಲ್ಪ ವಾಲಿತು. ಸೋಮವ್ವ ಪಾತ್ರೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು.

"ಟೀಚರ್, ಆ ಬದಿ ಹಿಡಿದುಕೊಳ್ಳಿ," ಎಂದಳು ಗಡುಸಾಗಿ. "ಅಲ್ಲಾಡಿಸಬೇಡಿ."

ಟೀಚರು ಹಿಡಿದುಕೊಂಡರು. ಪಾತ್ರೆ ಗೋಣಿಯ ಮೂಲಕವೂ ಸುಡುತ್ತಿತ್ತು. ಮನೆ ಬರುವವರೆಗೆ ಅವರು ಕೈ ತೆಗೆಯಲಿಲ್ಲ.